ಕೇಳುವ ಮುಂಚೆ

ರಾಜಾಜಿನಗರದ ಡಿಪೋದಲ್ಲಿ ಬೆಳಿಗ್ಗೆ ಏಳಕ್ಕೆ
ಟ್ಯಾಬ್ಲೆಟ್ಟು ಬುತ್ತಿ ಕಟ್ಟಿಕೊಳ್ಳುತ್ತದೆ.
ನಾನೇನೂ ಹೇಳುವುದಿಲ್ಲ.
ಇವತ್ತು ಮಂಗಳವಾರ, ಇವಳದು ಪೇಟೆ ಕಡೆ ಡ್ಯೂಟಿ,
ಬ್ರೇಕಿನ ನಕ್ಷೆ ತೆರೆದವಳು ಆಮೇಲೆ ಬಾಗಿಲಿನದು ತೆರೆಯುತ್ತಾಳೆ,
ಆಮೇಲೆ ಸುಮ್ಮನೆ, ಸಂಬಳದ ಚೀಟಿ —
ಎಲ್ಲ ಲೆಕ್ಕ ಹಾಕಿ, ಸಿಗ್ನಲ್ ಇರುವಾಗಲೇ
ಒಂದೊಂದಾಗಿ ಒಳಗೆಳೆದುಕೊಳ್ಳುತ್ತದೆ.
ಜಾಗ ಸಾಲದಿದ್ದರೆ
ನಾನು ಬಹಳ ದಿನ ಮುಟ್ಟದ್ದನ್ನು ಹೊರಗೆ ಹಾಕುತ್ತದೆ.
ಲಿಫ್ಟಿನ ಗುಂಡಿಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಹೆಲ್ಪರ್ ಆಗಿದ್ದಾಗ ಈ ಕೆಲಸ ನನ್ನದು.
ದಸ್ತಗೀರ್ ಸಾಹೇಬರು ಕೈ ಚಾಚುವ ಮುಂಚೆ
ಸ್ಪ್ಯಾನರು ಅಂಗೈಯಲ್ಲಿರಬೇಕು.
ಭುಜ ಎಡಕ್ಕೆ ವಾಲಿದರೆ ಹದಿನೇಳು ನಂಬರು,
ಗಂಟಲು ಕೆರೆದರೆ ಟೆಸ್ಟರು,
ಏನೂ ಮಾಡದೆ ನಿಂತರೆ ಚಹಾ.
ತಪ್ಪಿದರೆ ಬಯ್ಯುತ್ತಿರಲಿಲ್ಲ,
ಚಾಚಿದ ಕೈ ಹಾಗೇ ಗಾಳಿಯಲ್ಲಿಟ್ಟು ಕಾಯುತ್ತಿದ್ದರು.
ಬಯ್ದಿದ್ದರೇ ವಾಸಿ ಇತ್ತು.

ಇವತ್ತು ಚಿಕ್ಕಪೇಟೆಯ ಸೀರೆ ಕಾಂಪ್ಲೆಕ್ಸು,
ಯಂತ್ರವೂ ನೆಲದಡಿಗೇ ಇರುವ ಓಬೀರಾಯನ ಕಾಲದ ಲಿಫ್ಟು.
ಎರಡು ಮೂರನೇ ಮಹಡಿಗಳ ನಡುವೆ
ಹದಿಮೂರು ಗಂಟು ಸೀರೆ, ಒಬ್ಬ ಗುಮಾಸ್ತ.
ಗುಮಾಸ್ತ ಕೂಗುತ್ತಿದ್ದ, ಒಂದೇ ಸಮನೆ.
ರಿಲೇ ಪ್ಯಾನೆಲ್ಲಿನ ನಕ್ಷೆ ಒತ್ತಿದೆ.
'ಈ ಕಡತ ಇಲ್ಲಿಲ್ಲ. ಸಂಪರ್ಕ ಬಂದಾಗ ಪ್ರಯತ್ನಿಸಿ.'
ಕೆಳಗೆ ಬ್ರೇಕು ಇತ್ತು, ಬಾಗಿಲು ಇತ್ತು,
ಸಂಬಳದ ಚೀಟಿ ಮೂರು ತಿಂಗಳದ್ದು ಇತ್ತು.

ಟಾರ್ಚು ಹೊರಳಿಸಿದೆ. ಪ್ಯಾನೆಲ್ಲಿನ ಪಕ್ಕ, ಸುಣ್ಣ ಕಿತ್ತ ಗೋಡೆಯ ಮೇಲೆ
ಪೆನ್ಸಿಲ್ಲು, ಬಲಕ್ಕೆ ಬಾಗಿದ ಅಕ್ಷರ:
ಏಳನೇ ರಿಲೇ. ತೇವಕ್ಕೆ ಅಂಟುತ್ತೆ.
ಮೇನ್ ಇಳಿಸು, ಹಿಡಿಕೆಯಿಂದ ಒಂದೇ ಸಲ ತಟ್ಟು.
ಜೋರಾಗಿ ಅಲ್ಲ.

ಸಾಹೇಬರು ನಿವೃತ್ತರಾಗಿ ಒಂಬತ್ತು ವರ್ಷ.
ಚಹಾದ ಹುಡುಗನಿಗೂ ಬನ್ನಿ ಕೂತ್ಕೊಳ್ಳಿ ಅನ್ನುತ್ತಿದ್ದ ಮನುಷ್ಯ
ಏಕವಚನದಲ್ಲಿ ಕರೆದದ್ದು ನನ್ನೊಬ್ಬಳನ್ನೇ.

ಇಳಿಸಿದೆ. ತಟ್ಟಿದೆ.
ಗುಮಾಸ್ತನ ಕೂಗು ಮೆಲ್ಲಗೆ ಕೆಳಗಿಳಿದು ಬಂತು,
ಬಂದವನು ನನಗಲ್ಲ, ಸೀರೆಗೆ ಕೈ ಮುಗಿದ.

ಗೋಡೆಯ ಫೋಟೋ ತೆಗೆದುಕೊಂಡೆ.
ರಸ್ತೆಗೆ ಬಂದು ಸಿಗ್ನಲ್ ಮೂಡಿದ ಕೂಡಲೇ
ಟ್ಯಾಬ್ಲೆಟ್ಟು ಬೆಚ್ಚಿದಂತೆ ಎಲ್ಲ ಬರೆದುಕೊಂಡಿತು:
ಈ ವಿಳಾಸಕ್ಕೆ ಹೋದರೆ ಇವಳಿಗೆ ಈ ಗೋಡೆ ಬೇಕು.

ಇನ್ನು ಮುಂದೆ ನಾನಲ್ಲಿಗೆ ಇಳಿದಾಗಲೆಲ್ಲ
ಆ ಗೋಡೆಯ ಚಿತ್ರವನ್ನು ಜೋಪಾನವಾಗಿ
ಆ ಗೋಡೆಯ ಎದುರಿಗೇ ಹೊತ್ತು ತರುತ್ತದೆ.
ತರಲಿ. ಸುಣ್ಣ ಬಳಿಯುವವರು ಬಂದೇ ಬರುತ್ತಾರೆ.