ನಾಲ್ಕು ನಿಮಿಷ ತಡ

ಎಂಟನೇ ನಂಬರಿನ ಟ್ರಾಮು ನನ್ನದು.
ಗ್ದಾನ್ಸ್ಕ್ ಊರೊಳಗಿಂದ ಹೊರಟು
ಸ್ತೋಗಿಯ ಕಡಲಂಚಿಗೆ ಹೋಗಿ ತಿರುಗುತ್ತದೆ.
ಹನ್ನೊಂದು ವರ್ಷ,
ನಿಮಿಷ ತಪ್ಪಿದ್ದಕ್ಕೆ ಒಮ್ಮೆಯೂ ಬೈಸಿಕೊಂಡವಳಲ್ಲ.

ಮನೆಯಲ್ಲಿ ಇನ್ನೊಂದು ವೇಳಾಪಟ್ಟಿ.
ಫ್ರಿಜ್ಜಿನ ಬಾಗಿಲಿಗೆ ವಿತೆಕ್ ಅಂಟಿಸಿದ್ದು:
ನೀಲಿ ಶಾಯಿ ಶಾಲೆ, ಹಸಿರು ದೋಣಿ ಕ್ಲಬ್ಬು,
ಕೆಂಪು ಭೌತಶಾಸ್ತ್ರದ ಟ್ಯೂಷನ್ನು,
ಮಂಗಳವಾರ, ಗುರುವಾರ, ಈಗ ಭಾನುವಾರವೂ.
ರಾತ್ರಿ ಪಾಳಿ ಮುಗಿಸಿ ಬಂದರೆ
ಬಾಗಿಲಲ್ಲಿ ಅವನ ಬೂಟಿನ ಒದ್ದೆ ಗುರುತು, ಅಷ್ಟೇ.
ಉಂಡೆಯಾ ಎಂದು ಚೀಟಿ ಬರೆದಿಟ್ಟರೆ
ಅದೇ ಚೀಟಿಯ ಬೆನ್ನಿಗೆ ಉತ್ತರ:
‘ಉಸಿರಾಡಲೂ ಪುರುಸೊತ್ತಿಲ್ಲಮ್ಮ.’
ಎಲ್ಲರೂ ಆಡುವ ಮಾತು. ನಾನೂ ಆಡುತ್ತೇನೆ.
ಬಿಸಿ ಸೂಪಿನ ಪಾತ್ರೆಯ ಅಡಿಗೆ ಅದನ್ನೇ ಹಾಕಿದೆ.

ಮತೂರಾ ಪರೀಕ್ಷೆಗೆ ಮೂರು ದಿನವಿದ್ದಾಗ
ಭುಜ ನೋಯುತ್ತೆ ಅಂದ.
ಬ್ಯಾಗು ಭಾರ, ಅಂದೆ.
ಮರುದಿನ ಬೆನ್ನೂ, ಅಂದ.
ಹುಟ್ಟು ಹಾಕಿದ್ದು ಜಾಸ್ತಿಯಾಯ್ತು, ಅಂದೆ.
ಮುಚ್ಚಳದ ಮೇಲೆ ಕುದುರೆಯ ಚಿತ್ರವಿರುವ ಮುಲಾಮು ಹಚ್ಚಿದೆ,
ಹಚ್ಚುವಾಗ ಗಡಿಯಾರ ನೋಡಿದೆ.
ಮೂರನೆಯ ದಿನ ಅವನು ಉಸಿರೆತ್ತಲಿಲ್ಲ.
ನಾನದನ್ನು ವಾಸಿಯಾಯಿತು ಎಂದು ಓದಿಕೊಂಡೆ.

ಕಡಲಂಚಿನ ಕೊನೆ ನಿಲ್ದಾಣದಲ್ಲಿ ಆರು ನಿಮಿಷ ಬಿಡುವು.
ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದೆ, ಫೋನು ಬಂತು.
ಗಣಿತ ಪರೀಕ್ಷೆ, ಹನ್ನೊಂದನೇ ಲೆಕ್ಕ,
ಪೆನ್ನು ಕೆಳಗಿಟ್ಟು ಕೈ ಎತ್ತಿದನಂತೆ,
ಹೊರಗೆ ಹೋಗಬಹುದಾ ಎಂದು ಕೇಳಲು,
ಕೇಳುವಷ್ಟು ಗಾಳಿ ಇರಲಿಲ್ಲವಂತೆ.

ಟ್ರಾಮು ಬಿಟ್ಟು ಓಡುವಂತಿಲ್ಲ.
ಬದಲಿ ಡ್ರೈವರು ಊರೊಳಗೇ ಸಿಗುವುದು.
ಹಳಿ ಒಯ್ದ ಕಡೆಗೆ ಹಳಿಯ ವೇಗದಲ್ಲಿ ಹೋದೆ,
ಒಂದೊಂದು ನಿಲ್ದಾಣದಲ್ಲೂ ನಿಂತು, ಎಲ್ಲ ಬಾಗಿಲೂ ತೆರೆದು.
ಗಾಲಿ ಚೀಲದ ಮುದುಕಿಯೊಬ್ಬಳು ಹತ್ತಿದಳು,
ಹತ್ತುತ್ತಲೇ ಇದ್ದಳು,
ನಿಧಾನ ಅಜ್ಜಿ, ಎಂದಿತು ನನ್ನ ಬಾಯಿ.

ಆಸ್ಪತ್ರೆಯಲ್ಲಿ ಅವನ ಕೆಂಪು ಚಡ್ಡಿ ಕಂಡಿತು.
ಅದೃಷ್ಟಕ್ಕೆ. ಇಲ್ಲಿನ ಮಕ್ಕಳು ಪರೀಕ್ಷೆಗೆ ಹೀಗೇ ಹೋಗುವುದು.
ನಾನೂ ಹಾಕಿದ್ದೆ ಕಣೋ, ಅಂದಳು ಡಾಕ್ಟರು.
ಅವನಿಗೆ ನಗು ಬಂತು. ನಕ್ಕಿದ್ದಕ್ಕೆ ಚೀರಿದ.
ಎಡಗಡೆಯ ಶ್ವಾಸಕೋಶ ಕುಸಿದಿದೆ,
ಉದ್ದ, ಸಪೂರ ಹುಡುಗರಿಗೆ ಆಗುವುದುಂಟು,
ಕಾರಣ ಇರಲೇಬೇಕೆಂದಿಲ್ಲ, ಅಂದಳು.
ನನಗೆ ಫ್ರಿಜ್ಜಿನ ಬಾಗಿಲು ಕಂಡಿತು.

ಪಕ್ಕೆಲುಬಿನ ನಡುವೆ ಒಂದು ಕೊಳವೆ,
ಕೊಳವೆಯ ತುದಿಗೆ ನೀರಿನ ಡಬ್ಬಿ.
ಅವನು ಕೆಮ್ಮಿದಾಗೆಲ್ಲ ಗುಳುಗುಳು.
ಮೂರು ವರ್ಷದವನಿದ್ದಾಗ ಹಾಲಿನ ಲೋಟಕ್ಕೆ ಕಡ್ಡಿಯಿಟ್ಟು
ಹೀಗೇ ಊದುತ್ತಿದ್ದ, ಮೇಜೆಲ್ಲ ನೊರೆ,
ನಾನು ಬೈಯುತ್ತಿದ್ದೆ.
ಗುಳ್ಳೆ ನಿಂತರೆ ಒಳ್ಳೆಯದು, ಅಂದಿದ್ದರು ನರ್ಸು.
ಕುರ್ಚಿಯಲ್ಲಿ ಕೂತು ಎಣಿಸಿದೆ,
ನಿಲ್ಲಲಿ ಎಂದು, ನಿಂತಾಗ ಹೆದರಿ ಅವನ ಮೂಗಿನ ಬಳಿ ಕೈ ಹಿಡಿದು.
ಎರಡನೇ ರಾತ್ರಿ ಕತ್ತಲಲ್ಲಿ ಅವನೇ ಮಾತಾಡಿದ:
‘ಹನ್ನೊಂದನೆಯದಕ್ಕೆ ಉತ್ತರ ಮೈನಸ್ ಮೂರು.’
ಆಮೇಲೆ, ತುಂಬ ಹೊತ್ತಾದ ಮೇಲೆ,
‘ಬ್ಯಾಗು ಭಾರ ಇರಲಿಲ್ಲಮ್ಮ.’

ಗಣಿತ ಇನ್ನು ಜೂನಿನಲ್ಲಿ.
ವೇಳಾಪಟ್ಟಿ ಹರಿದು ಹಾಕಿದೆ ಎಂದು ಹೇಳಬೇಕು ಅನ್ನಿಸುತ್ತದೆ.
ಹರಿದಿಲ್ಲ. ಹಸಿರನ್ನು ಅವನೇ ಹೊಡೆದು ಹಾಕಿದ,
ಕೆಂಪು ಇನ್ನೂ ಇದೆ, ಅದಕ್ಕೆ ಜಗಳವೂ ಇದೆ.
ರಾತ್ರಿ ಅವನ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತೇನೆ.
ಬದುಕಿದ್ದೀನಿ, ಹೋಗಿ ಮಲಕ್ಕೋ, ಎನ್ನುತ್ತಾನೆ ಒಳಗಿನಿಂದ.

ನಿನ್ನೆ ನನ್ನ ಟ್ರಾಮು ಹತ್ತಿದ,
ನನ್ನ ಬೆನ್ನ ಹಿಂದಿನ ಸೀಟು, ತೊಡೆಯ ಮೇಲೆ ಲೆಕ್ಕದ ಪುಸ್ತಕ.
ಎರಡನೇ ನಿಲ್ದಾಣಕ್ಕೆ ನಿದ್ದೆ.
ಕನ್ನಡಿಯಲ್ಲಿ ಅವನ ಅಂಗಿ ಏಳುತ್ತಿತ್ತು, ಇಳಿಯುತ್ತಿತ್ತು.
ತಿರುವಿನಲ್ಲಿ ನಿಧಾನಿಸಿದೆ,
ಗಂಟೆ ಬಾರಿಸಬೇಕಾದಲ್ಲಿ ಬಾರಿಸದೆ ಕಾದೆ.
ರೇಡಿಯೋದಲ್ಲಿ ಕಂಟ್ರೋಲಿನ ದನಿ:
ಎಂಟು, ನಾಲ್ಕು ನಿಮಿಷ ತಡ. ಕಾರಣ?
ಚೆಸ್ಟ್‌ನಟ್ ಮರಗಳು ಅರಳಿ ಉದುರುವ ಕಾಲ.
ಹಳಿ ಮೇಲೆ ಹೂ ಬಿದ್ದಿದೆ, ಅಂದೆ.