ಕಲ್ಲು ಸಹಿತ

ಅಂಗಡಿಯ ಶಟರ್ ಎತ್ತಿದ ಕೂಡಲೇ ಒಳಗಿಂದ ಸೀಟಿ.
ಹಸಿವಿನ ಸೀಟಿ, ಕುಕ್ಕರಿಗಿಂತ ಸಣ್ಣದು, ಹಟ ಜಾಸ್ತಿ.
ದೇವರಿಗೆ ಊದುಬತ್ತಿ ಆಮೇಲೆ.
ಬೆಳ್ಳಿ ತೂಗುವ ತಕ್ಕಡಿಯ ಮೇಲೆ ಸ್ಟೀಲಿನ ಬೋಗುಣಿ,
ಬೋಗುಣಿಯಲ್ಲಿ ಗುಂಜಿ,
ಅಲುಗದಿರಲೆಂದು ಬಾಯಿಗೊಂದು ಎಸಳು ಕೊತ್ತಂಬರಿ.
ಚೌತಿಯ ಹೊತ್ತಿಗೆ ಒಂಬೈನೂರ ನಲವತ್ತು.
ಹೋದ ಸೋಮವಾರ ಎಂಟುನೂರ ಎಪ್ಪತ್ತು.
ಇವತ್ತು ಎಂಟುನೂರ ಹನ್ನೆರಡು.
ಗ್ರಾಮ್ ಹೋಗುವುದೆಂದರೇನು, ನನಗೆ ಯಾರೂ ಹೇಳಬೇಕಿಲ್ಲ.
ಮೂವತ್ತೊಂದು ವರ್ಷದಿಂದ ಕಾಜುಬಾಗದ ಈ ಮೂಲೆಯಲ್ಲಿ ಕೂತು
ನೆಲ ಗುಡಿಸಿದ ಧೂಳನ್ನೂ ಜರಡಿ ಹಿಡಿದವನು.

ನೌಕಾನೆಲೆಯ ಕ್ವಾರ್ಟರ್ಸಿನ ಹೆಂಗಸು,
ಮಗುವಿನ ಕಾಲ್ಗೆಜ್ಜೆ ರಿಪೇರಿಗೆ ಬಂದವಳು,
‘ಎರಡೇ ತಿಂಗಳು, ಅಂಕಲ್’ ಎಂದು ಪಂಜರ ಇಟ್ಟು ಹೋದಳು.
ವಿಶಾಖಪಟ್ಟಣಕ್ಕೆ ವರ್ಗವಂತೆ. ಗೆಜ್ಜೆ ಮಾತ್ರ ಮರೆಯದೆ ಒಯ್ದಳು.
ಅಡವಿಟ್ಟವರು ಬರಲಿಲ್ಲ, ನಾನು ಬಡ್ಡಿ ಹಾಕಲಿಲ್ಲ.
ಕೆಂಪು ಮೈ, ಕಣ್ಣಿನ ಬಳಿ ಕಪ್ಪು ಮಚ್ಚೆ,
ಅಪ್ಪ ತೂಕಕ್ಕಿಡುತ್ತಿದ್ದ ಗುಲಗಂಜಿಯ ಹಾಗೆ.
ಹೆಸರು ಹುಡುಕಬೇಕಾಗಲಿಲ್ಲ.

ಮಡಗಾಂವಿನಲ್ಲಿ ಡಾಕ್ಟರ್ ಲವೀನಾ ಎಕ್ಸ್‌ರೇ ಎತ್ತಿ ಹಿಡಿದರು.
ಮೂತ್ರಕೋಶದಲ್ಲೊಂದು ಬಿಳಿ ಚುಕ್ಕೆ.
ಕಸುಬಿನ ಚಾಳಿ, ಕಣ್ಣಲ್ಲೇ ಅಳೆದೆ:
ಮೂಗುತಿಗೆ ದೊಡ್ಡದು, ಉಂಗುರಕ್ಕೆ ಸರಿ.
‘ಕೊಯ್ದು ತೆಗೆಯುವುದು ಕಷ್ಟವಲ್ಲ. ನಿದ್ದೆಯದೇ ಭಯ.
ಇಷ್ಟು ಸಣ್ಣ ಜೀವ, ಮಲಗಿಸಿದರೆ ಕೆಲವು ಏಳುವುದಿಲ್ಲ.
ಎದ್ದರೂ ತಿನ್ನಬೇಕು.
ತಿನ್ನದಿದ್ದರೆ ಎದ್ದದ್ದು ಲೆಕ್ಕಕ್ಕಿಲ್ಲ.’
ತೆಗೆಯದೆ ಬಿಟ್ಟರೆ?
ಅವರು ಎಕ್ಸ್‌ರೇ ಕೆಳಗಿಟ್ಟರು.
ದಿನಾ ಪಾಲಕ್ ಕೊಟ್ಟೆ, ಅದರಿಂದಲೇ ಆಯಿತೇ ಎಂದು ಕೇಳಿದೆ.
ಹೇಳಲಾಗದು ಎಂದರು.
ಇಲ್ಲ ಎನ್ನಬಹುದಿತ್ತು.

ಈ ಮಾತು ನಾನೇ ಎಷ್ಟು ಜನಕ್ಕೆ ಹೇಳಿಲ್ಲ:
ಅಜ್ಜಿಯ ಕಾಲದ ಸರ ಬಾಯಿ, ಕೊಂಡಿಯೆಲ್ಲ ಸವೆದಿದೆ,
ಬೆಂಕಿ ತೋರಿಸಿದರೆ ಕೂಡಲೂಬಹುದು, ಕರಗಲೂಬಹುದು,
ಆಮೇಲೆ ನನ್ನನ್ನು ಅನ್ನಬೇಡಿ, ಇಲ್ಲೊಂದು ಸಹಿ.
ಅವರು ಪೆನ್ನು ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು.
ನಾನು ಗಡಿಯಾರ ನೋಡುತ್ತಿದ್ದೆ.

ಪಕ್ಕದ ವಾಚ್ ರಿಪೇರಿಯ ಮುನಾಫ್ ಕೇಳಿದ,
‘ಒಂದು ಇಲಿಗೆ ಎಂಟು ಸಾವಿರವೋ, ರಾಯ್ಕರ್?’
ಒಂದು ಗ್ರಾಮಿಗೂ ಕಮ್ಮಿಯಾಯಿತು ಬಿಡು ಎಂದೆ. ನಕ್ಕ.
ಸಂಜೆ ಬಾಗಿಲು ಹಾಕುವಾಗ ಮತ್ತೆ ಇಣುಕಿ,
‘ನಾಳೆ ಎಷ್ಟು ಗಂಟೆಗೆ?’

ಅಣ್ಣನ ಹರ್ನಿಯಾಕ್ಕೆ ಮಣಿಪಾಲದಲ್ಲಿ
ರಾತ್ರಿಯಿಂದ ಗುಟುಕು ನೀರೂ ಕೊಡಲಿಲ್ಲ.
ಇವಳಿಗೆ ಉಪವಾಸವೇ ಕೂಡದಂತೆ.
ಹೊಟ್ಟೆ ನಡೆಯುತ್ತಲೇ ಇರಬೇಕು,
ಆಪರೇಷನ್ ಬಾಗಿಲವರೆಗೂ ತಿನ್ನುತ್ತಲೇ ಇರಬೇಕು.
ಹಾಗಾಗಿ ಈ ರಾತ್ರಿ ಅಂಗಡಿಯ ನೆಲದ ಮೇಲೆ ನಾವಿಬ್ಬರು.
ಒಂದು ಗರಿಕೆ. ಮುಗಿಯಿತು. ಇನ್ನೊಂದು.
ನನಗೆ ಮನೆಯಿಂದ ಬಂದ ಬಂಗಡೆ ಸಾರು ಡಬ್ಬಿಯಲ್ಲೇ ಆರಿತು.
ಎರಡು ಗಂಟೆಗೆ ಮಂಡಿಯ ಮೇಲೆ ಮಲಗಿದಳು,
ಕಣ್ಣು ಮುಚ್ಚದೆ, ಅವಳ ಜಾತಿಯ ರೂಢಿಯಂತೆ.
ಬೆರಳಿನ ಕೆಳಗೆ ಎದೆಬಡಿತ,
ಎಣಿಸಲು ಹೋದರೆ ಎಣಿಕೆಯೇ ಹಿಂದೆ ಬೀಳುತ್ತದೆ.

ಹೊರಡುವ ಮುಂಚೆ ತೂಕದ ಪುಸ್ತಕ ತೆಗೆದೆ.
ಗಿರಾಕಿಗಳಿಗೆ ಬರೆಯುವ ಅದೇ ಮೂರು ಖಾನೆ.
ಹೆಸರು: ಗುಂಜಿ.
ಕಲ್ಲು ಸಹಿತ: ಎಂಟುನೂರ ಹನ್ನೆರಡು.
ಕಲ್ಲು ಕಳೆದು:
ಪೆನ್ನಿನ ಮುಚ್ಚಳ ಹಾಕಿದೆ.

ಐದೂವರೆಗೆ ಭಾವನ ಓಮ್ನಿ ಕಾಳಿ ಸೇತುವೆ ಏರಿತು.
ಸದಾಶಿವಗಡದ ಗುಡ್ಡ ಇನ್ನೂ ಕಪ್ಪು,
ಹೊಳೆಯಲ್ಲಿ ಒಂದೇ ದೋಣಿ, ಅದರದೊಂದು ಟಾರ್ಚು.
ಭಾವ ರೇಡಿಯೋ ಕಡೆ ಕೈ ಚಾಚಿದ. ಬೇಡ ಎಂದೆ.
ತೊಡೆಯ ಮೇಲಿನ ರಟ್ಟಿನ ಪೆಟ್ಟಿಗೆಗೆ ಕಿವಿಯಿಟ್ಟು ಕೂತಿದ್ದೆ.
ಕರ್, ಕರ್, ಕರ್,
ಒಳಗೆ ಅವಳು ಇನ್ನೂ ತಿನ್ನುತ್ತಿದ್ದಳು.