ಹದಿನೇಳನೆಯ ಮನೆ

ಹನ್ನೊಂದಕ್ಕೆ ಆಟವೆಂದರೆ ನಾನು ಹತ್ತಕ್ಕೇ ಬರಬೇಕು.
ಅದು ಬೆಚ್ಚಗಾಗಲು ನಲವತ್ತು ನಿಮಿಷ,
ಜನವರಿಯಲ್ಲಿ ಐವತ್ತು.
ಅಲ್ಲಿಯವರೆಗೆ ಶ್ರುತಿಯೆನ್ನುವುದು
ಬಂದರಿನ ಹೆಂಡದಂಗಡಿಯಿಂದ ಮನೆಗೆ ಹೊರಟವನ ನಡಿಗೆ.

ಲಿಯೆಪಾಯದಲ್ಲಿ ಗಾಳಿಗೇನು ಬರವೆ?
ಆದರೂ ಈ ಗೊಂಬೆಯಾಟದ ಮಂದಿರದೊಳಗೆ
ಮೂವತ್ತೆಂಟು ವರ್ಷ ಗಾಳಿ ಬೀಸಿದವಳು ನಾನು:
ಬಲಗಡೆಯ ಎರಡನೇ ಗುಂಡಿ,
ಅರ್ಧಕ್ಕಿಂತ ಒಂದು ಕೂದಲೆಳೆ ಹೆಚ್ಚು.
ಕಪ್ಪೆ ನನ್ನದು, ತೋಳ ನನ್ನದು,
ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುವುದೂ ನನ್ನದೇ.

ಸೋವಿಯತ್ ಕಾಲದ ತಗಡಿನ ಸಿಂಥಸೈಜರ್,
ಕಪ್ಪು ಬಿಳುಪು ಸೇರಿ ನಲವತ್ತೊಂಬತ್ತು ಮನೆ.
ಕೊಂಡ ದೇಶ ಹೋಯಿತು, ಮಾಡಿದ ಕಾರ್ಖಾನೆ ಹೋಯಿತು,
ಇದು ಮಾತ್ರ ಉಣ್ಣೆಯ ಹೊದಿಕೆ ಹೊದ್ದು ಕೂತೇ ಇತ್ತು,
ಉಂಡ ಮೇಲೂ ಏಳದ ನೆಂಟನ ಹಾಗೆ.

ಮಾರ್ಚ್‌ನಲ್ಲಿ ಒಂದು ಶನಿವಾರ
ತೋಳ ಬಂದ, ಬಾಯಿ ತೆರೆದ,
ದನಿಯಿಲ್ಲ.
ಮುಂದಿನ ಸಾಲಿನ ಮಗುವೊಂದು ಕಿಸಕ್ಕೆಂದಿತು.
ಆಮೇಲೆ ಸುಟ್ಟ ವಾಸನೆ.

ರೈಟಿಸ್ ತಿರುಪು ಬಿಚ್ಚಿ ಟಾರ್ಚು ಹಿಡಿದ.
"ಒಳಗೆಲ್ಲ ಸೋರಿದೆ, ಸ್ಕೈದ್ರೀತೆ.
ಒಂದನ್ನು ಸರಿಮಾಡಿದರೆ ಇನ್ನೊಂದು ಹೋಗುತ್ತದೆ."
ನನ್ನ ಮಂಡಿಯ ಡಾಕ್ಟರೂ ಹೀಗೇ ಮಾತಾಡುತ್ತಾನೆ.

ಎರಡು ವಾರಕ್ಕೆ ಲ್ಯಾಪ್‌ಟಾಪ್ ಬಂತು.
ಪರದೆಯ ಮೇಲೆ ಅದೇ ಪೆಟ್ಟಿಗೆ,
ಅದೇ ಗುಂಡಿಗಳು, ಅದೇ ರಷ್ಯನ್ ಅಕ್ಷರ,
ಮೂಲೆಯಲ್ಲಿ ಚೂರು ತುಕ್ಕನ್ನೂ ಬಿಡಿಸಿದ್ದಾರೆ ಪುಣ್ಯಾತ್ಮರು.
ತೆರೆದೊಡನೆ ಶ್ರುತಿ.
ಕಾಯುವುದೂ ಇಲ್ಲ, ಕಾಯಿಸುವುದೂ ಇಲ್ಲ.
ಕೆಳಗೊಂದು ಗುಂಡಿ, ಹೆಸರು 'ವಯಸ್ಸು'.
ಸ್ವರ ಎಷ್ಟು ತಡವರಿಸಬೇಕೆಂದು ಅದು ಹೇಳುತ್ತದಂತೆ.
"ಸೊನ್ನೆಯಿಂದ ನೂರು. ಎಷ್ಟಕ್ಕಿಡಲಿ?"
"ಅರವತ್ತಮೂರು."
ಇಟ್ಟ. ಯಾಕೆಂದು ಕೇಳಲಿಲ್ಲ.

ಹದಿನೇಳನೆಯ ಮನೆಯ ವಿಷಯ ಹೇಳಬೇಕು.
ತೊಂಬತ್ತನಾಲ್ಕರಲ್ಲಿ ಮರದ ರಾಜನೊಬ್ಬ ದಾರ ಹರಿದು
ಅದರ ಮೇಲೇ ಬಿದ್ದ. ಆ ಮನೆ ಸತ್ತಿತು.
ಆ ವರ್ಷ ಸಂಬಳವೇ ಇರಲಿಲ್ಲ, ರಿಪೇರಿ ಎಲ್ಲಿಂದ?
ಔಸ್ಮಾ ಒಂದೇ ರಾತ್ರಿ ಕೂತು
ಎಲ್ಲ ರಾಗಗಳನ್ನೂ ಆ ಮನೆ ಬಳಸಿ ಹೋಗುವಂತೆ ತಿದ್ದಿದಳು,
ಸೂತಕದ ಬಾಗಿಲ ಮುಂದೆ ದನಿ ತಗ್ಗಿಸಿ ನಡೆಯುವ ಹಾಗೆ.
ಆ ಒಂದು ಸ್ವರ ಕೇಳದೆಯೇ
ಒಂದಿಡೀ ತಲೆಮಾರು
ನಮ್ಮ ಮುಳ್ಳಿಲಿಯ ಮದುವೆಗೆ ಚಪ್ಪಾಳೆ ತಟ್ಟಿತು.
ರೈಟಿಸ್ ಕೂಡ: ಮೂರನೇ ಸಾಲು, ಮುಂದಿನ ಹಲ್ಲಿಲ್ಲ.
ಈಗಲೂ ವೈರು ಸುತ್ತುತ್ತ ಗುನುಗುತ್ತಾನೆ,
ಸರಿಯಾಗಿ ಅಲ್ಲೇ ಹಾರುತ್ತಾನೆ.

ಹೊಸ ಪ್ಲಾಸ್ಟಿಕ್ ಮನೆಗಳಲ್ಲಿ ಎಲ್ಲವೂ ಜೀವಂತ.
ನನ್ನ ನಡುಬೆರಳು ಅಲ್ಲಿಗೆ ಬಂದು ದಾಟಿತು.
"ಒತ್ತಿ, ಅದೂ ನುಡಿಯುತ್ತದೆ."
ಒತ್ತಿದೆ.
ನುಡಿಯಿತು. ತಕರಾರಿಲ್ಲ, ಚೆನ್ನಾಗಿಯೇ ನುಡಿಯಿತು.
ಇಬ್ಬರೂ ಹೊದಿಕೆಯ ಕಡೆ ನೋಡಿದೆವು,
ಯಾರೋ ಕೇಳಿಸಿಕೊಂಡಾರೆಂಬಂತೆ.

"ಬೇಡವಾದರೆ ಆ ಮನೆ ಮುಚ್ಚಬಹುದು, ಒಂದು ಕ್ಲಿಕ್ಕು."
"ಇರಲಿ ಬಿಡು.
ದಾಟುವುದು ಬೆರಳಿಗೆ ಗೊತ್ತು."

ಈ ಶನಿವಾರ ಮತ್ತೆ ಹತ್ತಕ್ಕೇ ಬಂದೆ.
ಬೆಚ್ಚಗಾಗಬೇಕಾದದ್ದು ಏನೂ ಇಲ್ಲ.
ಕೋಟು ಬಿಚ್ಚಲಿಲ್ಲ.
ಸೂಜಿದಾರ ಹುಡುಕಿ
ತೋಳನ ಕಿತ್ತುಹೋದ ಕಿವಿ ಹೊಲಿದೆ,
ನಲವತ್ತು ನಿಮಿಷ.